ಮೆತ್ತನೆಯ ಚಿನ್ನದ ವಂಶಾವಳಿ

ಕ್ರಿ.ಶ. 1965ರಲ್ಲಿ ಕೋಲಾರ ಜಿಲ್ಲೆಯ ನೆಲದೊಳಗೆ ಎರಡು ಕಿವಿಗಳು ತೆರೆದುಕೊಂಡವು. ಒಂದು, ಕೋಲಾರ ಚಿನ್ನದ ಗಣಿಗಳಲ್ಲಿ (ಕೆಜಿಎಫ್) ಒಂದಾದ ಚಾಂಪಿಯನ್ ರೀಫ್ಸ್ ಗಣಿಯ ಹೀತ್‌ಕೋಟ್ ಶಾಫ್ಟಿನಲ್ಲಿ, 7,600 ಅಡಿಯ ಆಳದಲ್ಲಿ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಒಸಾಕಾ ಮತ್ತು ಡರಮ್ ವಿಶ್ವವಿದ್ಯಾಲಯಗಳವರೊಡನೆ ಅಲ್ಲಿ ಉಪಕರಣಗಳನ್ನು ಹೂಡಿ, ಆಕಾಶದಿಂದ ಬಂದು ಭೂಮಿಯನ್ನೇ ತೂರಿಹೋಗುವ ನ್ಯೂಟ್ರಿನೋ ಕಣದ ಸುಳಿವನ್ನು ಹಿಡಿದರು. ಇನ್ನೊಂದು, ಆಗ ಇದೇ ಜಿಲ್ಲೆಗೆ ಸೇರಿದ್ದ ಗೌರಿಬಿದನೂರಿನಲ್ಲಿ. ಪರದೇಶಗಳಲ್ಲಿ ನೆಲದಡಿ ಸಿಡಿಸುವ ಅಣುಬಾಂಬುಗಳ ನಡುಕವನ್ನು ಇಲ್ಲಿಂದಲೇ ಆಲಿಸಲು ಬ್ರಿಟಿಷರ ನೆರವಿನಿಂದ ಭೂಕಂಪಮಾಪಕಗಳ ಸಾಲನ್ನು ಅಲ್ಲಿ ನೆಟ್ಟದ್ದು ಅದೇ ವರ್ಷ.

ಅದೇ ವರ್ಷದ ಅಕ್ಟೋಬರ್ 29ರಂದು ಉತ್ತರ ಶಾಂತಸಾಗರದ ಆಮ್ಚಿಟ್ಕಾ ಎಂಬ ಬೋಳು ದ್ವೀಪದ ಒಡಲಲ್ಲಿ ಅಮೆರಿಕದವರು ‘ಲಾಂಗ್ ಶಾಟ್’ ಎಂಬ ಬಾಂಬನ್ನು ಸಿಡಿಸಿದರು. ನಮ್ಮ ಕೆಜಿಎಫ್‌ನ ಕೋರಮಂಡಲ್, ಉರಿಗಾಂ, ಮಾರಿಕುಪ್ಪಂ ಕಾರ್ಮಿಕ ಲೈನುಗಳಲ್ಲಿ ಬೆಳೆದವರಿಗೆ ನೆಲದೊಳಗಿನ ಸದ್ದು ಹೊಸದಲ್ಲ. ನಡುರಾತ್ರಿ ಗಣಿಯೊಳಗೆ ಬಂಡೆ ಸಿಡಿದು, ಅಂದರೆ ರಾಕ್‌ಬರ್ಸ್ಟ್ ಆಗಿ, ಪಾತ್ರೆ ಅಲುಗಿದರೆ, ಪಾಳಿಗೆ ಇಳಿದವರ ಹೆಸರನ್ನು ಮನಸ್ಸಿನಲ್ಲೇ ಎಣಿಸಿಕೊಳ್ಳುತ್ತಿದ್ದ ಮನೆಗಳು ಅವು. ಆದರೆ ಆಮ್ಚಿಟ್ಕಾದ ದಡದಲ್ಲಿ ಪಾಳಿಯವರಿರಲಿಲ್ಲ. ಎದೆಯ ಮೇಲೆ ಮರಿಯನ್ನಿಟ್ಟುಕೊಂಡು ಮಲಗಿ ತೇಲುವ ಕಡಲ ನೀರುನಾಯಿಗಳಿದ್ದವು. ಅವು ಆ ದಡದಲ್ಲಿ ಉಳಿದುಕೊಂಡ ಬಗೆ, ಅಲ್ಲಿಂದ ವಿಮಾನವೇರಿ ಬೇರೆ ತೀರಗಳಿಗೆ ಹೋದ ಬಗೆ, ಆ ಪಯಣದಲ್ಲಿ ಅವುಗಳ ರಕ್ತದಲ್ಲಿ ಉಳಿದದ್ದೆಷ್ಟು ಅಳಿದದ್ದೆಷ್ಟು ಎಂಬುದು ಈ ಕಥನದ ವಸ್ತು.

ಇದರ ಆರಂಭ 1741ರಲ್ಲಿದೆ. ರಷ್ಯದ ಸಾಮ್ರಾಜ್ಯದ ಸೇವೆಯಲ್ಲಿದ್ದ ಡೇನಿಷ್ ನಾವಿಕ ವೈಟಸ್ ಬೇರಿಂಗ್, ‘ಸೇಂಟ್ ಪೀಟರ್’ ಹಡಗಿನಲ್ಲಿ ಅಲಾಸ್ಕದ ತೀರವನ್ನು ಕಂಡು ಹಿಂದಿರುಗುತ್ತಿದ್ದಾಗ, ಸ್ಕರ್ವಿ ರೋಗದಿಂದ ನಿತ್ರಾಣಗೊಂಡ ಸಿಬ್ಬಂದಿಯೊಡನೆ ನಿರ್ಜನ ದ್ವೀಪವೊಂದಕ್ಕೆ ಬಡಿದು ನಿಂತ. ಅದೇ ವರ್ಷದ ಡಿಸೆಂಬರಿನಲ್ಲಿ ಅವನು ಅಲ್ಲಿಯೇ ತೀರಿಕೊಂಡ. ದ್ವೀಪಕ್ಕೆ ಅವನ ಹೆಸರು ಉಳಿಯಿತು. ಬದುಕುಳಿದವರಲ್ಲಿ ಜಾರ್ಜ್ ವಿಲ್ಹೆಲ್ಮ್ ಸ್ಟೆಲ್ಲರ್ ಎಂಬ ಜರ್ಮನ್ ನಿಸರ್ಗತಜ್ಞನಿದ್ದ. ಹಸಿವು, ಚಳಿ, ಸಾವುಗಳ ನಡುವೆ ಅವನು ಆ ದಡದ ಪ್ರಾಣಿಗಳ ಅಂಗಾಂಗಗಳನ್ನು ಅಳೆದು ಬರೆದಿಟ್ಟ. ಅವುಗಳಲ್ಲಿ ಒಂದು, ದೋಣಿಯಷ್ಟು ದೊಡ್ಡದಾದ ಕಡಲಹಸು. ಜಗತ್ತು ಅದನ್ನು ಕಂಡ 27 ವರ್ಷಗಳಲ್ಲಿ, 1768ರ ಹೊತ್ತಿಗೆ, ಕೊನೆಯ ಹಸುವನ್ನೂ ಕೊಂದು ತಿಂದು ಮುಗಿಸಿತು. ಇನ್ನೊಂದು ಕಡಲ ನೀರುನಾಯಿ. ಅದರ ಭಾಗ್ಯ ಸ್ವಲ್ಪ ಬೇರೆ, ದುರ್ಭಾಗ್ಯವೂ ಬೇರೆ.

ತಿಮಿಂಗಿಲಕ್ಕೂ ಸೀಲಿಗೂ ಚರ್ಮದಡಿ ದಪ್ಪ ಕೊಬ್ಬಿನ ಪದರವಿರುತ್ತದೆ. ಕಡಲ ನೀರುನಾಯಿಗೆ ಅದಿಲ್ಲ. ಹಿಮದಂಥ ನೀರಿನಲ್ಲಿ ಅದನ್ನು ಬದುಕಿಸುವುದು ಮುಖ್ಯವಾಗಿ ತುಪ್ಪಳ. ಒಂದು ಚದರ ಅಂಗುಲಕ್ಕೆ ಹತ್ತು ಲಕ್ಷದವರೆಗೆ ಕೂದಲು ಒತ್ತೊತ್ತಾಗಿ ಬೆಳೆದು, ನಡುವೆ ಗಾಳಿಯನ್ನು ಹಿಡಿದಿಟ್ಟು, ನೀರು ಚರ್ಮವನ್ನು ಮುಟ್ಟದಂತೆ ತಡೆಯುತ್ತದೆ. ಮೈಯ ಬಿಸಿ ಆರದಿರಲು ಪ್ರಾಣಿ ದಿನವೂ ತನ್ನ ತೂಕದ ಕಾಲು ಭಾಗದಷ್ಟು ತಿನ್ನಬೇಕು, ಎಚ್ಚರವಿರುವ ಹೊತ್ತಿನ ದೊಡ್ಡ ಪಾಲನ್ನು ತುಪ್ಪಳ ತಿಕ್ಕಿ ಶುಚಿ ಮಾಡುವುದರಲ್ಲಿ ಕಳೆಯಬೇಕು. ಜೀವ ಕಾಯುವ ಆ ತುಪ್ಪಳವೇ ಜೀವಕ್ಕೆ ಮುಳುವಾಯಿತು. ಬೇರಿಂಗನ ಹಡಗಿನವರು ಒಡೆದ ಹಲಗೆಗಳಿಂದ ಹೊಸ ನಾವೆ ಕಟ್ಟಿಕೊಂಡು 1742ರಲ್ಲಿ ಕಮ್ಚಾಟ್ಕಾಕ್ಕೆ ಮರಳಿದಾಗ ಜೊತೆಗೆ ನೂರಾರು ತೊಗಲುಗಳನ್ನು ತಂದಿದ್ದರು. ಚೀನದ ಗಡಿಯ ಕ್ಯಾಖ್ತಾ ಸಂತೆಯಲ್ಲಿ ಅಂಥವಕ್ಕೆ ಬಂದ ಬೆಲೆ ಸೈಬೀರಿಯದ ವರ್ತಕರ ತಲೆ ಕೆಡಿಸಿತು. ಮುಂದೆ ವ್ಯಾಪಾರಿಗಳು ಇದನ್ನು ಮೆತ್ತನೆಯ ಚಿನ್ನವೆಂದೇ ಕರೆದರು.

ಆ ಚಿನ್ನಕ್ಕಾಗಿ ನೀರಿಗಿಳಿದವರು ವರ್ತಕರಲ್ಲ. ಅಲ್ಯೂಷಿಯನ್ ದ್ವೀಪಮಾಲೆಯ ಅಲ್ಯೂಟ್ ಜನ ತೊಗಲಿನ ಕಿರುದೋಣಿಗಳಲ್ಲಿ ಕಡಲಾಡುವುದರಲ್ಲಿ ನಿಸ್ಸೀಮರು. ರಷ್ಯದ ವರ್ತಕರು ಅವರ ಹೆಂಡಿರು ಮಕ್ಕಳನ್ನು ಒತ್ತೆಯಿಟ್ಟುಕೊಂಡು ಗಂಡಸರನ್ನು ಬೇಟೆಗೆ ಅಟ್ಟಿದರು. ಸಿಡುಬು ಮತ್ತಿತರ ರೋಗ, ಹಸಿವು, ಬಲವಂತದ ದುಡಿಮೆ ಕೂಡಿ ಆ ಜನರ ಬಹುಪಾಲು ಅಳಿದುಹೋಯಿತು. ನೀರುನಾಯಿಯ ಚರಿತ್ರೆ ಬರೆಯುವವರು ಇದನ್ನು ಒಂದು ವಾಕ್ಯದಲ್ಲಿ ದಾಟಿಬಿಡುತ್ತಾರೆ, ದಾಟಬಾರದು. ಭೂಮಿಯಡಿಯಿಂದಾಗಲಿ ಕಡಲಿನಿಂದಾಗಲಿ ಸಂಪತ್ತು ಮೇಲೆ ಬರುವಾಗ ಮೊದಲು ಕೆಳಗಿಳಿದವರು ಯಾರೆಂದು ಕೇಳುವುದು ಕೆಜಿಎಫ್‌ನವರಿಗೆ ಒಗ್ಗಿಹೋದ ಅಭ್ಯಾಸ.

1778ರಲ್ಲಿ ಕ್ಯಾಪ್ಟನ್ ಕುಕ್‌ನ ಹಡಗುಗಳು ವ್ಯಾಂಕೂವರ್ ದ್ವೀಪದ ನೂಟ್ಕಾ ಕೊಲ್ಲಿಯಲ್ಲಿ ತಂಗಿದ್ದಾಗ ನಾವಿಕರು ಹೊದೆಯಲೆಂದು ಕೆಲವು ತೊಗಲು ಕೊಂಡರು. ಮರುವರ್ಷ ಹವಾಯಿಯಲ್ಲಿ ಕುಕ್ ಹತನಾದ. ಹಡಗುಗಳು ಚೀನದ ತೀರ ಮುಟ್ಟಿ ಆ ಹಳೆಯ ಹೊದಿಕೆಗಳಿಗೆ ದೊರೆತ ಹಣ ಕಂಡಾಗ, ಮತ್ತೆ ಅಲಾಸ್ಕಕ್ಕೇ ಹೋಗೋಣವೆಂದು ನಾವಿಕರು ದಂಗೆಯೇಳುವಷ್ಟಾಯಿತು. ಆ ಸುದ್ದಿ ಹರಡಿದ ಮೇಲೆ ಬ್ರಿಟಿಷರು, ಅಮೆರಿಕನ್ನರು, ಸ್ಪೇನಿನವರು ಎಲ್ಲರೂ ಬಂದರು. 1799ರಲ್ಲಿ ರಷ್ಯನ್-ಅಮೆರಿಕನ್ ಕಂಪನಿಗೆ ಚಕ್ರವರ್ತಿಯ ಸನದು ಸಿಕ್ಕಿತು. 1867ರಲ್ಲಿ ಅಲಾಸ್ಕವನ್ನೇ 72 ಲಕ್ಷ ಡಾಲರಿಗೆ ಅಮೆರಿಕಕ್ಕೆ ಮಾರಿದಾಗ, ಕಡಲಲ್ಲಿ ಮಾರಲು ಹೆಚ್ಚೇನೂ ಉಳಿದಿರಲಿಲ್ಲ. 1880ರಲ್ಲಿ ಜಾನ್ ಟೇಲರ್ ಆ್ಯಂಡ್ ಸನ್ಸ್ ಕಂಪನಿ ಕೋಲಾರದ ಗಟ್ಟಿ ಚಿನ್ನಕ್ಕೆ ಕೈಹಾಕುವ ಹೊತ್ತಿಗೆ ಮೆತ್ತನೆಯ ಚಿನ್ನದ ಗಣಿ ಬರಿದಾಗುತ್ತ ಬಂದಿತ್ತು.

ಬೇಟೆಗೆ ಮುನ್ನ ಜಪಾನಿನ ಉತ್ತರ ದ್ವೀಪಗಳಿಂದ ಮೆಕ್ಸಿಕೋದ ಬಾಹಾ ತೀರದವರೆಗೆ ಒಂದೂವರೆ ಲಕ್ಷದಿಂದ ಮೂರು ಲಕ್ಷ ನೀರುನಾಯಿಗಳಿದ್ದುವೆಂದು ಅಂದಾಜು. 1911ರ ಜುಲೈ 7ರಂದು ಅಮೆರಿಕ, ರಷ್ಯ, ಜಪಾನ್ ಮತ್ತು ಕೆನಡದ ಪರವಾಗಿ ಬ್ರಿಟನ್ ವಾಷಿಂಗ್ಟನ್ನಿನಲ್ಲಿ ಕೂತು ತುಪ್ಪಳದ ಸೀಲುಗಳ ಒಪ್ಪಂದಕ್ಕೆ ಸಹಿ ಹಾಕಿದವು. ನೀರುನಾಯಿಗೂ ಅದರಲ್ಲಿ ಅಭಯ ಸಿಕ್ಕಿತು. ಆಗ ಉಳಿದದ್ದು ಸಾವಿರದಿಂದ ಎರಡು ಸಾವಿರ, ಅದೂ ಒಂದನ್ನೊಂದು ಕಾಣಲಾರದಷ್ಟು ದೂರ ದೂರದ ಹನ್ನೊಂದು ಹನ್ನೆರಡು ಗುಂಪುಗಳಲ್ಲಿ. ಕ್ಯಾಲಿಫೋರ್ನಿಯದಲ್ಲಿ ಉಳಿದ ಗುಂಪು ಸುಮಾರು 50ರದ್ದು. ಬಿಗ್ ಸರ್ ಎಂಬ ಕಡಿದಾದ ಕರಾವಳಿಯಲ್ಲಿ ಅದು 1938ರಲ್ಲಿ ಜನರ ಕಣ್ಣಿಗೆ ಬಿದ್ದಾಗ, ಆ ತೀರದ ನೀರುನಾಯಿ ನಿರ್ವಂಶವಾಯಿತೆಂದೇ ಬಹುಪಾಲು ಜನ ಭಾವಿಸಿದ್ದರು.

ಹೀಗೆ ಲಕ್ಷಗಳು ಕೈಬೆರಳೆಣಿಕೆಯ ಗುಂಪುಗಳಾಗಿ ಕುಗ್ಗಿದಾಗ ನಡೆಯುವುದೇನು? ಇಂಥ ಪ್ರಾಣಿಯು ಬಹುತೇಕ ಪ್ರತಿ ವಂಶವಾಹಿಯ ಎರಡು ಪ್ರತಿಗಳನ್ನು, ತಂದೆಯಿಂದೊಂದು, ತಾಯಿಯಿಂದೊಂದು, ಪಡೆಯುತ್ತದೆ. ದೊಡ್ಡ ಸಮುದಾಯದಲ್ಲಿ ಒಂದೇ ವಂಶವಾಹಿಗೆ ಹಲವು ಬಗೆಗಳು ಚಲಾವಣೆಯಲ್ಲಿರುತ್ತವೆ. ಬೇಟೆಗಾರನು ಬಗೆ ನೋಡಿ ಕೊಲ್ಲುವುದಿಲ್ಲ. ಆದರೆ ಅಪರೂಪದ ಬಗೆಯನ್ನು ಹೊತ್ತವು ನಾಲ್ಕೇ ಇದ್ದು ನಾಲ್ಕೂ ಸತ್ತರೆ ಆ ಬಗೆ ಅಲ್ಲಿಗೆ ಮುಗಿಯಿತು. ಉಳಿದ ಗುಂಪು ಎಷ್ಟು ಕಾಲ ಚಿಕ್ಕದಾಗಿಯೇ ಇರುತ್ತದೋ ಅಷ್ಟು ತಲೆಮಾರುಗಳಲ್ಲಿ ಇನ್ನಷ್ಟು ಬಗೆಗಳು ಬರಿಯ ಆಕಸ್ಮಿಕದಿಂದ ಉದುರುತ್ತ ಹೋಗುತ್ತವೆ, ನಂಟರೊಳಗೇ ಕೂಡಿಕೆ ಹೆಚ್ಚುತ್ತದೆ. ತಲೆಗಳ ಸಂಖ್ಯೆ ಐವತ್ತು ವರ್ಷಗಳಲ್ಲಿ ಮರಳಬಹುದು. ಉದುರಿದ ಬಗೆಗಳು ಮತ್ತೆ ಹುಟ್ಟಲು ಸಹಸ್ರಾರು ವರ್ಷ ಬೇಕು. ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯ ಹಾದಿಯಲ್ಲಿ ಕಾಣುವ, ಚಿನ್ನ ತೆಗೆದು ಬಿಸುಟ ಮಣ್ಣಿನ ಸೈನೈಡ್ ದಿಬ್ಬ ಗುಡ್ಡದಷ್ಟು ಎತ್ತರವಿದೆ. ಟನ್ನು ಮಣ್ಣು ಸೋಸಿದರೆ ಒಂದು ಗ್ರಾಂ ಚಿನ್ನ ಸಿಗುವುದೂ ಕಷ್ಟ. ಮರಳಿ ತುಂಬಿದ ಸಮುದಾಯವನ್ನು ಹೊರಗಿನ ಗಾತ್ರ ನೋಡಿ ಅಳೆಯುವುದು ಅಂಥ ದಿಬ್ಬವನ್ನು ಕಂಡು ಗಣಿಯ ಬೆಲೆ ಕಟ್ಟಿದಂತೆ.

ಆಮ್ಚಿಟ್ಕಾ ಉಳಿದ ಗುಂಪುಗಳಲ್ಲಿ ಪುಣ್ಯವಂತ ನೆಲೆ. ಬೇಟೆ ನಿಂತ ಮೇಲೆ ಅಲ್ಲಿ ನೀರುನಾಯಿಗಳು ಬೇಗ ಹೆಚ್ಚಿದವು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ದ್ವೀಪದಲ್ಲಿ ಬೀಡುಬಿಟ್ಟಾಗಲೂ ಉಳಿದುಕೊಂಡವು. ಕಾರ್ಲ್ ಕೆನ್ಯನ್ ಎಂಬ ಜೀವಶಾಸ್ತ್ರಜ್ಞ ಅಲ್ಲಿ ವರ್ಷಗಟ್ಟಲೆ ಕುಳಿತು ಅವುಗಳ ಬದುಕನ್ನು ಬರೆದ. ಕೆಲವನ್ನು ಹಿಡಿದು, ನೀರುನಾಯಿ ಅಳಿದುಹೋದ ಬೇರೆ ತೀರಗಳಿಗೆ ಒಯ್ಯುವ ಯತ್ನ 1950ರ ದಶಕದಲ್ಲೇ ನಡೆದು ಸೋತಿತು. ಹಿಡಿದಿಟ್ಟ ಪಂಜರದಲ್ಲಿ ತುಪ್ಪಳ ಕೊಳೆಯಾಗಿ, ನೀರು ಚರ್ಮಕ್ಕಿಳಿದು, ಪ್ರಾಣಿಗಳು ಚಳಿಗೆ ಸೆಟೆದು ಸತ್ತವು. ಶುಚಿಯಾದ ನೀರಿನ ತೊಟ್ಟಿ ಬೇಕು, ಪಯಣ ಚುಟುಕಾಗಬೇಕು, ಅಂದರೆ ವಿಮಾನ ಬೇಕು ಎಂಬುದನ್ನು ಆ ಸಾವುಗಳಿಂದ ಕಲಿತರು.

ವಿಮಾನದ ಖರ್ಚಿಗೆ ಕೈಜೋಡಿಸಿದವರಲ್ಲಿ ಆ ದ್ವೀಪದಲ್ಲಿ ಬಾಂಬು ಸಿಡಿಸುತ್ತಿದ್ದ ಅಮೆರಿಕದ ಅಣುಶಕ್ತಿ ಆಯೋಗವೂ ಇತ್ತೆಂಬುದು ಈ ಇತಿಹಾಸದ ವಕ್ರ ನಡೆ. ಲಾಂಗ್ ಶಾಟ್‌ನ ನಂತರ 1969ರ ಅಕ್ಟೋಬರಿನಲ್ಲಿ ‘ಮಿಲ್ರೋ’, 1971ರ ನವೆಂಬರ್ 6ರಂದು ‘ಕ್ಯಾನಿಕಿನ್’ ಸಿಡಿದವು. ಕ್ಯಾನಿಕಿನ್ ಐದು ಮೆಗಾಟನ್ನಿಗೆ ಸಮೀಪದ್ದು, ಅಮೆರಿಕ ನೆಲದಡಿ ಸಿಡಿಸಿದವುಗಳಲ್ಲೆಲ್ಲ ದೊಡ್ಡದು. ಅದನ್ನು ಇಳಿಸಿದ ಆಳ ಸುಮಾರು 1,800 ಮೀಟರ್. ನಮ್ಮ ಚಾಂಪಿಯನ್ ರೀಫ್ಸಿನ ಕೆಲಸಗಾರರು ಅದಕ್ಕಿಂತ ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ದಿನವೂ ಇಳಿದು ಹತ್ತುತ್ತಿದ್ದರು ಎಂದರೆ ಆಮ್ಚಿಟ್ಕಾದ ಇಂಜಿನಿಯರುಗಳೂ ತಲೆದೂಗಿಯಾರು. ಆ ಸ್ಫೋಟವನ್ನು ತಡೆಯಲೆಂದು ವ್ಯಾಂಕೂವರಿನಿಂದ 1971ರ ಸೆಪ್ಟೆಂಬರಿನಲ್ಲಿ ಮೀನು ಹಿಡಿಯುವ ದೋಣಿಯೊಂದರಲ್ಲಿ ಹೊರಟ ಹನ್ನೆರಡು ಮಂದಿಯ ಸಾಹಸದಿಂದಲೇ ಗ್ರೀನ್‌ಪೀಸ್ ಹುಟ್ಟಿತು. ದೋಣಿ ದ್ವೀಪ ಮುಟ್ಟಲಿಲ್ಲ. ಬಾಂಬು ಸಿಡಿಯಿತು. ಒತ್ತಡದ ಅಲೆಗೆ ನೂರಾರು ನೀರುನಾಯಿಗಳು ಸತ್ತವು. ಸಾವಿರದ ಆಸುಪಾಸು ಎಂಬ ಅಂದಾಜೂ ಇದೆ.

ಆ ಹೊತ್ತಿಗೆ ಅವುಗಳ ಬಂಧುಗಳು ದಕ್ಷಿಣಕ್ಕೆ ಹೊರಟಾಗಿತ್ತು. 1965ರಿಂದ 1972ರವರೆಗೆ ಆಮ್ಚಿಟ್ಕಾ ಮತ್ತು ಅಲಾಸ್ಕದ ಪ್ರಿನ್ಸ್ ವಿಲಿಯಂ ಸೌಂಡ್ ಎಂಬ ಕೊಲ್ಲಿ, ಈ ಎರಡು ನೆಲೆಗಳಿಂದ ಸುಮಾರು 700 ನೀರುನಾಯಿಗಳನ್ನು ಸ್ಥಳಾಂತರಿಸಿದರು. ಆಗ್ನೇಯ ಅಲಾಸ್ಕಕ್ಕೆ 400ಕ್ಕೂ ಹೆಚ್ಚು ಹೋದವು. ವಾಷಿಂಗ್ಟನ್ ರಾಜ್ಯದ ತೀರಕ್ಕೆ ಬಂದದ್ದು 59, ಎಲ್ಲವೂ ಆಮ್ಚಿಟ್ಕಾದವು. ಮೊದಲ ತಂಡವನ್ನು ಹೊಸ ನೀರಿಗೆ ಹೊಂದಿಕೊಳ್ಳಲು ಬಿಡದೆ ನೇರ ಕಡಲಿಗೆ ಬಿಟ್ಟಿದ್ದರಿಂದ ಅರ್ಧಕ್ಕೂ ಹೆಚ್ಚು ಕೆಲವೇ ದಿನಗಳಲ್ಲಿ ಸತ್ತವು. ಕೆನಡದ ವ್ಯಾಂಕೂವರ್ ದ್ವೀಪದ ಚೆಕ್ಲೆಸೆಟ್ ಕೊಲ್ಲಿಗೆ 89, ಎರಡೂ ನೆಲೆಗಳಿಂದ. ಆರೆಗನ್ ರಾಜ್ಯಕ್ಕೆ 93. ಆರೆಗನ್ನಿನವು ಕೆಲಕಾಲ ಮರಿಹಾಕಿದವು, ಆಮೇಲೆ ವಿರಳವಾದವು, 1980ರ ದಶಕದ ಆರಂಭಕ್ಕೆ ಒಂದೂ ಕಾಣಲಿಲ್ಲ. ಬಿಟ್ಟ ಊರಿಗೆ ಹೊಂದದೆ ಹುಟ್ಟಿದ ಊರಿನತ್ತ ಈಜುವುದು ಈ ಪ್ರಾಣಿಯ ಸ್ವಭಾವ. 1987ರಿಂದ ಕ್ಯಾಲಿಫೋರ್ನಿಯದ ಸ್ಯಾನ್ ನಿಕೋಲಸ್ ದ್ವೀಪಕ್ಕೆ ಬಿಟ್ಟ 140ರಲ್ಲಿ ಬಹುಪಾಲು ಹೊರಟುಹೋದವು. ಎಷ್ಟೋ ಕಡಲು ದಾಟಿ ತಮ್ಮ ಹಳೆಯ ದಡವನ್ನೇ ಸೇರಿದವು. ಬಂಗಾರಪೇಟೆಯ ರೈಲು ಹತ್ತಿದ ಎಳೆಯರು ಪೊಂಗಲಿಗೆ ಮರಳಿ ಬರುವುದನ್ನು ಕಂಡವರಿಗೆ ಇದು ಅಚ್ಚರಿಯಲ್ಲ.

ಉಳಿದ ಮೂರು ನೆಲೆಗಳು ಮಾತ್ರ ತುಂಬಿ ಬೆಳೆದವು. ಆಗ್ನೇಯ ಅಲಾಸ್ಕದಲ್ಲಿ ಇವತ್ತು ಇಪ್ಪತ್ತು ಸಾವಿರಕ್ಕೆ ಮೇಲ್ಪಟ್ಟು, ಬ್ರಿಟಿಷ್ ಕೊಲಂಬಿಯದಲ್ಲಿ ಎಂಟು ಸಾವಿರದ ಆಸುಪಾಸು, ವಾಷಿಂಗ್ಟನ್ನಿನಲ್ಲಿ ಕೆಲವು ಸಾವಿರ. ಕಡಲಮುಳ್ಳುಚೆಂಡುಗಳನ್ನು ನೀರುನಾಯಿಗಳು ತಿನ್ನತೊಡಗಿದ ಮೇಲೆ, ಆ ಮುಳ್ಳುಚೆಂಡುಗಳು ಮೇದು ಬೋಳಾಗಿಸಿದ್ದ ಕಡಲತಳದಲ್ಲಿ ಕೆಲ್ಪ್ ಪಾಚಿಯ ಕಾಡುಗಳು ಮತ್ತೆ ಎದ್ದವು. ಏಡಿ, ಚಿಪ್ಪುಮೀನು ಹಿಡಿದು ಬದುಕುವ ತೀರದ ಜನಕ್ಕೆ ಈ ಅತಿಥಿಗಳ ಮೇಲೆ ಸಿಟ್ಟೂ ಇದೆ. ಅದು ನ್ಯಾಯವಾದ ಸಿಟ್ಟು, ಅದರ ಕಥೆ ಬೇರೆ.

ಮೂರು ನೆಲೆಗಳ ಈ ಮೂವತ್ತು ಸಾವಿರದಷ್ಟು ನೀರುನಾಯಿಗಳೂ ಕೆಲವು ನೂರರ ಸಂತಾನ. ಬಿಟ್ಟವುಗಳಲ್ಲಿ ಕೆಲವು ಸತ್ತು, ಕೆಲವು ಓಡಿಹೋಗಿ, ಉಳಿದು ಮರಿಹಾಕಿದವು ಇನ್ನೂ ಕಡಿಮೆ. ವಾಷಿಂಗ್ಟನ್ನಿನ ಇಡೀ ಸಮುದಾಯದ ಮೂಲಪುರುಷರು ಹತ್ತಾರಕ್ಕೆ ಮೀರಿರಲಾರರು. ವ್ಯಾಪಾರದ ಕಾಲದಲ್ಲೊಮ್ಮೆ, ವಿಮಾನದ ಕಾಲದಲ್ಲೊಮ್ಮೆ ಎರಡು ಬಾರಿ ಇಕ್ಕಟ್ಟಿನ ಬಾಗಿಲು ದಾಟಿದ ವಂಶವಿದು. 1990ರ ದಶಕದಲ್ಲಿ ಜೇಮ್ಸ್ ಬಾಡ್ಕಿನ್ ಮತ್ತು ಸಂಗಡಿಗರು ತಾಯಿಯಿಂದ ಮಾತ್ರ ಇಳಿಯುವ ಮೈಟೋಕಾಂಡ್ರಿಯಾ ಡಿಎನ್‌ಎ ಹಿಡಿದು ಲೆಕ್ಕ ತೆಗೆದರು. ತಂದುಬಿಟ್ಟ ನೆಲೆಗಳಲ್ಲಿ ಎರಡನೆಯ ನಷ್ಟ ಭಾರಿಯಾಗಿರುತ್ತದೆ ಎಂಬ ಅಂಜಿಕೆ ಅಷ್ಟಾಗಿ ನಿಜವಾಗಲಿಲ್ಲ. ಗುಂಪು ಎಷ್ಟು ಚಿಕ್ಕದಾಗಿತ್ತು ಎಂಬುದಷ್ಟೇ ಅಲ್ಲ, ಎಷ್ಟು ವರ್ಷ ಚಿಕ್ಕದಾಗಿಯೇ ಉಳಿಯಿತು ಎಂಬುದೂ ತೂಗಿತು. ಚಿಕ್ಕದಾಗಿದ್ದ ಕಾಲ ಕಿರಿದಾದಷ್ಟೂ ಗುಂಪು ತಂದದ್ದನ್ನು ಹೆಚ್ಚು ಕಾಪಾಡಿಕೊಂಡಿತು. ಎರಡು ನೆಲೆಗಳ ರಕ್ತ ಬೆರೆತ ಕಡೆ ಎರಡು ನೆಲೆಗಳ ತಾಯಿವಂಶಗಳೂ ಉಳಿದವು.

ನಿಜವಾದ ನಷ್ಟ ಹಳೆಯದು. ಶಾನ್ ಲಾರ್ಸನ್ ಮತ್ತು ಜೊತೆಯವರು ವಾಷಿಂಗ್ಟನ್ ತೀರದ ಪುರಾತನ ತಿಪ್ಪೆಗಳಲ್ಲಿ ಸಿಕ್ಕ, ತುಪ್ಪಳದ ವ್ಯಾಪಾರಕ್ಕೂ ಹಿಂದಿನ ನೀರುನಾಯಿ ಮೂಳೆಗಳಿಂದ ಡಿಎನ್‌ಎ ತೆಗೆದು, ಇಂದಿನವುಗಳೊಡನೆ ತೂಗಿ 2002ರಲ್ಲಿ ಪ್ರಕಟಿಸಿದರು. ಹಿಂದಿದ್ದ ವಂಶವಾಹಿ ಬಗೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇಂದಿನ ದೊಡ್ಡ ಸಮುದಾಯಗಳಲ್ಲೂ ಇಲ್ಲ. ಕ್ಯಾಖ್ತಾ ಸಂತೆಯಲ್ಲಿ ಮಾರಾಟವಾದದ್ದು ತೊಗಲು ಮಾತ್ರವಲ್ಲವೆಂದು ತಿಪ್ಪೆಯ ಮೂಳೆ ಸಾಕ್ಷಿ ನುಡಿಯಿತು. ಆರೆಗನ್ನಿನ ಹಳೆಯ ಮೂಳೆಗಳು ಇನ್ನೊಂದು ಮಾತು ಹೇಳಿದವು: ಆ ತೀರದ ಮೂಲ ನೀರುನಾಯಿಗಳು ಅಲಾಸ್ಕದವಕ್ಕಿಂತ ಕ್ಯಾಲಿಫೋರ್ನಿಯದವಕ್ಕೆ ಹತ್ತಿರದ ನೆಂಟರಾಗಿದ್ದಿರಬಹುದು. 1970–71ರಲ್ಲಿ ಅಲ್ಲಿಗೆ ತಂದದ್ದು ಅಲಾಸ್ಕದವನ್ನು. ಸೋಲಿಗೆ ಅದೇ ಕಾರಣವೆಂದು ಸಾಧಿಸುವುದು ಅವಸರದ ಮಾತು. ಆದರೆ 2022ರಲ್ಲಿ ಅಮೆರಿಕದ ಮೀನು ಮತ್ತು ವನ್ಯಜೀವಿ ಇಲಾಖೆ ಆರೆಗನ್ ಹಾಗೂ ಉತ್ತರ ಕ್ಯಾಲಿಫೋರ್ನಿಯಕ್ಕೆ ಮತ್ತೆ ನೀರುನಾಯಿ ತರಬಹುದೇ ಎಂದು ಪರಿಶೀಲಿಸಿ ತರಬಹುದೆಂದ ಮೇಲೆ, ಯಾವ ದಡದವನ್ನು ತರುವುದು, ಬೆರೆಸಿ ತರುವುದೇ ಎಂಬ ವಾದ ಮುಖ್ಯವಾಯಿತು.

ಈ ನಡುವೆ ತವರುಗಳ ಗತಿ ಕೇಳಿ. 1989ರ ಮಾರ್ಚ್ 24ರಂದು ‘ಎಕ್ಸಾನ್ ವಾಲ್ಡೆಜ್’ ಎಂಬ ಎಣ್ಣೆಹಡಗು ಪ್ರಿನ್ಸ್ ವಿಲಿಯಂ ಸೌಂಡಿನಲ್ಲಿ ಒಡೆಯಿತು. ಕಚ್ಚಾ ಎಣ್ಣೆ ತುಪ್ಪಳಕ್ಕೆ ಮೆತ್ತಿ ಸಾವಿರಕ್ಕೂ ಹೆಚ್ಚು ನೀರುನಾಯಿಗಳು ಸತ್ತವು. ಆಮ್ಚಿಟ್ಕಾ ಸೇರಿದಂತೆ ಅಲ್ಯೂಷಿಯನ್ ದ್ವೀಪಗಳಲ್ಲಿ 1990ರ ದಶಕದಲ್ಲಿ ಸಂಖ್ಯೆ ದಿಢೀರನೆ ಕುಸಿಯಿತು. ಹಸಿದ ಓರ್ಕಾ ತಿಮಿಂಗಿಲಗಳು ನೀರುನಾಯಿಗೆ ಬಾಯಿಹಾಕತೊಡಗಿದ್ದು ಕಾರಣವಿರಬೇಕೆಂದು ಜೇಮ್ಸ್ ಎಸ್ಟೆಸ್ ತಂಡ ವಾದಿಸಿತು. 2005ರಲ್ಲಿ ನೈರುತ್ಯ ಅಲಾಸ್ಕದ ನೀರುನಾಯಿಯನ್ನು ಅಪಾಯದ ಪಟ್ಟಿಗೆ ಸೇರಿಸಿದರು. ಕಳಿಸಿಕೊಟ್ಟ ಎರಡೂ ತವರುಗಳು ಹೀಗೆ ಪೆಟ್ಟು ತಿಂದಾಗ, ಅವುಗಳ ವಂಶ ಬಹುದೂರದ ಮೂರು ತೀರಗಳಲ್ಲಿ ಸುರಕ್ಷಿತವಾಗಿತ್ತು. ಬಾಂಬಿನ ಭಯಕ್ಕೂ ಬಾಂಬು ಹಾಕುವವರ ಹಣಕ್ಕೂ ಹುಟ್ಟಿದ ಏರ್ಪಾಟು ಯಾರೂ ಎಣಿಸದ ಕೆಲಸ ಮಾಡಿತ್ತು.

ಕರ್ನಾಟಕದಲ್ಲಿ ನೀರುನಾಯಿಯನ್ನು ವಿಮಾನದಲ್ಲಿ ಒಯ್ದ ಇತಿಹಾಸವಿಲ್ಲ. ನಮ್ಮ ತುಂಗಭದ್ರೆಯದು ಹೊಳೆಯ ನೀರುನಾಯಿ, ನುಣುಪು ತುಪ್ಪಳದ್ದು. 2015ರಲ್ಲಿ ಕೊಪ್ಪಳ ಮತ್ತು ಬಳ್ಳಾರಿ ಜಿಲ್ಲೆಗಳ ನಡುವೆ ಮುದ್ಲಾಪುರದಿಂದ ಕಂಪ್ಲಿಯವರೆಗಿನ ತುಂಗಭದ್ರೆಯ 34 ಕಿಲೋಮೀಟರನ್ನು ಅದರ ಮೀಸಲು ಪ್ರದೇಶವೆಂದು ಸರ್ಕಾರ ಘೋಷಿಸಿತು, ದೇಶದಲ್ಲಿ ಅದು ಮೊದಲನೆಯದು. ಮೇಲ್ಭಾಗದಲ್ಲಿ 1953ರ ಅಣೆಕಟ್ಟು ನಿಂತಿದೆ. ಕೆಳಗಿನವಕ್ಕೂ ಮೇಲಿನವಕ್ಕೂ ಕೂಡಿಕೆ ಎಷ್ಟರಮಟ್ಟಿಗೆ ಉಳಿದಿದೆ ಎಂಬುದು ತಲೆ ಎಣಿಸುವವರು ಮರೆಯಬಾರದ ಪ್ರಶ್ನೆ. ನಮ್ಮ ಜಿಲ್ಲೆಯ ಪಾಲಿಗೆ ಬಂದ ಅಪರೂಪದ ಜೀವಿಯಾದರೋ ನೀರಿನದಲ್ಲ. 1994ರಲ್ಲಿ ಡೀಟರ್ ಕಾಕ್ ಮತ್ತು ಎಚ್. ಆರ್. ಭಟ್ ಲೋಕಕ್ಕೆ ಪರಿಚಯಿಸಿದ ಕೋಲಾರದ ಎಲೆಮೂಗಿನ ಬಾವಲಿ ಆಗ ತೇರಹಳ್ಳಿಯ ಗುಹೆಯಲ್ಲೂ ಹನುಮನಹಳ್ಳಿಯ ಗುಹೆಯಲ್ಲೂ ಇತ್ತು. ಸುತ್ತ ಕಲ್ಲುಗಣಿಗಳೆದ್ದವು. ಈಗ ತೇರಹಳ್ಳಿಯಲ್ಲಿ ಇಲ್ಲ. ಹನುಮನಹಳ್ಳಿಯಲ್ಲಿ ಇನ್ನೂರಕ್ಕೂ ಕಡಿಮೆ ಉಳಿದಿವೆಯೆಂದು ಅಂದಾಜು. ತೇರಹಳ್ಳಿಗೆ ಮತ್ತೆ ತಂದುಬಿಡೋಣವೆಂದು ಯಾರಾದರೂ ಮುಂದೆ ಬಂದರೆ, ಬೆರೆಸಲು ಎರಡನೆಯ ತವರು ಈ ಬಾವಲಿಗೆ ಇಲ್ಲ.